ಕಾರಿಗೆ ವ್ಯಾಕ್ಸ್: ಯಾವುದನ್ನು ಕೊಳ್ಳಬೇಕು, ಹೇಗೆ ಹಚ್ಚಬೇಕು, ಎಲ್ಲಿ ಕೆಡುತ್ತದೆ

ಬಾನೆಟ್ ಮೇಲೆ ಬೆಳ್ಳಗಿನ ಪಟ್ಟೆ. ಬಂಪರಿನ ಕಪ್ಪು ಪ್ಲಾಸ್ಟಿಕ್ ಸಂದಿಯಲ್ಲಿ ಒಣಗಿ ಕೂತ ಪುಡಿ. ಬಿಸಿಲಿಗೆ ನಿಲ್ಲಿಸಿದರೆ ಜೇಡರಬಲೆಯ ಹಾಗೆ ಕಾಣುವ ಸುತ್ತುಗೀರುಗಳು. ನಾಲ್ಕು ಮಳೆ ಬೀಳುವಷ್ಟರಲ್ಲಿ ಹೊಳಪು ನಾಪತ್ತೆ. ಮನೆಯಲ್ಲೇ ವ್ಯಾಕ್ಸ್ ಹಚ್ಚಿದವರ ದೂರುಗಳು ಹೆಚ್ಚುಕಡಿಮೆ ಇಷ್ಟೇ, ಮತ್ತು ಎಲ್ಲರೂ ಬೈಯುವುದು ಡಬ್ಬಿಯನ್ನು. ನಿಜವಾಗಿ ಕೆಲಸ ಕೆಟ್ಟಿರುವುದು ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಮೊದಲು: ಅರೆಬರೆ ತೊಳೆದದ್ದು, ಹಳೇ ಬನಿಯನ್ನಿನಲ್ಲಿ ಒರೆಸಿದ್ದು, ಬಿಸಿಯಾದ ಬಾನೆಟ್ ಮೇಲೆ ಕೈಯಿಟ್ಟದ್ದು. ವ್ಯಾಕ್ಸ್ ಪಾರದರ್ಶಕ ಪದರ. ತನ್ನ ಕೆಳಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಹಾಗಾಗಿ ಈ ಮಾರ್ಗದರ್ಶಿಯ ದೊಡ್ಡ ಪಾಲು ವ್ಯಾಕ್ಸ್ ಹಚ್ಚುವುದಕ್ಕಿಂತ ಮುಂಚಿನ ಹಂತಗಳದ್ದು. ಹಂತಗಳ ಕ್ರಮ ಬದಲಿಸಬೇಡಿ.

ಡಬ್ಬಿ ಕೊಳ್ಳುವ ಮುಂಚೆ: ಅದು ಉಜ್ಜಿ ತೆಗೆಯುವುದೋ, ಮೇಲೆ ಕೂರುವುದೋ?

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಬಣ್ಣವಿಲ್ಲದ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಬಿಸಿಲು, ಮಳೆ, ಹಕ್ಕಿ ಹಿಕ್ಕೆ ಎಲ್ಲವನ್ನೂ ತಡೆಯುವುದು ಈ ಪದರ. ರಬ್ಬಿಂಗ್ ಕಾಂಪೌಂಡ್, ಸ್ಕ್ರ್ಯಾಚ್ ರಿಮೂವರ್, ಪಾಲಿಶ್ ಎಂದು ಮಾರುವ ಬಹುತೇಕ ಸಾಮಾನುಗಳಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಅವು ಗೀರು ಮುಚ್ಚುವುದಿಲ್ಲ, ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನು ತೇಯ್ದು ಸಮ ಮಾಡುತ್ತವೆ. ತೇಯ್ದದ್ದು ಮತ್ತೆ ಬರುವುದಿಲ್ಲ. ವ್ಯಾಕ್ಸ್ ಏನನ್ನೂ ತೇಯುವುದಿಲ್ಲ. ಒಂದು ಮೈಕ್ರಾನಿಗಿಂತ ತೆಳುವಾದ ಪದರವಾಗಿ ಮೇಲೆ ಕೂರುತ್ತದೆ, ಕ್ಲಿಯರ್ ಕೋಟಿನ ಬದಲು ತಾನು ಸವೆಯುತ್ತದೆ.

ಅಂಗಡಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಇರುತ್ತವೆ. ‘ಕ್ಲೀನರ್ ವ್ಯಾಕ್ಸ್’, ‘ಪಾಲಿಶ್ ಅಂಡ್ ವ್ಯಾಕ್ಸ್’ ಎಂದು ಬರೆದಿದ್ದರೆ ಅದರಲ್ಲಿ ಉಜ್ಜುಪುಡಿ ಅಥವಾ ರಾಸಾಯನಿಕ ಕ್ಲೀನರ್ ಸೇರಿದೆ ಎಂದುಕೊಳ್ಳಿ. ಮಂಕಾದ ಹಳೇ ಕಾರಿಗೆ ವರ್ಷಕ್ಕೊಮ್ಮೆ ಅದು ಸರಿ, ಎರಡು ತಿಂಗಳಿಗೊಮ್ಮೆ ಹಚ್ಚಲು ಅಲ್ಲ. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ‘ರಬ್ಬಿಂಗ್-ಪಾಲಿಶಿಂಗ್ ಮಾಡಲಾ ಸರ್’ ಎಂದು ಕೇಳಿದರೆ ಬೇಡ ಎನ್ನಿ. ಹೊಳಪು ಆ ದಿನ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಪ್ರತಿ ಸಲವೂ ಕಾರಿನ ರಕ್ಷಣೆಯನ್ನೇ ಸ್ವಲ್ಪ ಸ್ವಲ್ಪ ತೆಗೆಸುತ್ತಿದ್ದೀರಿ.

ಯಾವ ವ್ಯಾಕ್ಸ್?

ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ಬ್ರ್ಯಾಂಡ್ ಆಮೇಲೆ.

*ಕಾರ್ನೌಬಾ ಪೇಸ್ಟ್ ವ್ಯಾಕ್ಸ್.* ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಇದು. ಶುದ್ಧ ರೂಪದಲ್ಲಿ ಗಟ್ಟಿ, 80 ಡಿಗ್ರಿ ದಾಟಿದ ಮೇಲಷ್ಟೇ ಕರಗುತ್ತದೆ. ಡಬ್ಬಿಯೊಳಗೆ ಎಣ್ಣೆ, ದ್ರಾವಕ ಸೇರಿಸಿ ಮೆತ್ತಗೆ ಮಾಡಿರುತ್ತಾರೆ. ಕಪ್ಪು, ಕೆಂಪು, ಕಡುನೀಲಿ ಕಾರುಗಳ ಮೇಲೆ ಇದರ ಹೊಳಪಿಗೆ ಒಂದು ಆಳ ಇರುತ್ತದೆ. ಬಾಳಿಕೆ ಮಾತ್ರ ನಮ್ಮ ಬಿಸಿಲಿನಲ್ಲಿ ಒಂದರಿಂದ ಎರಡು ತಿಂಗಳು. ಬೇಸ್‌ಮೆಂಟಿನಲ್ಲೋ ಮುಚ್ಚಿದ ಶೆಡ್ಡಿನಲ್ಲೋ ನಿಲ್ಲುವ ಕಾರಿಗೆ ಒಳ್ಳೆಯದು.

*ಸಿಂಥೆಟಿಕ್ ವ್ಯಾಕ್ಸ್ ಅಥವಾ ಪೇಂಟ್ ಸೀಲಂಟ್.* ಪಾಲಿಮರ್‌ನಿಂದ ಮಾಡಿದ್ದು. ನಾಲ್ಕರಿಂದ ಆರು ತಿಂಗಳು ತಡೆಯುತ್ತದೆ, ಶಾಖಕ್ಕೆ ಬೇಗ ಸೋಲುವುದಿಲ್ಲ. ರಸ್ತೆ ಬದಿಯಲ್ಲಿ, ತೆರೆದ ಬಯಲಿನಲ್ಲಿ ನಿಲ್ಲುವ ಕಾರಿಗೆ ಇದನ್ನೇ ಕೊಳ್ಳಿ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಕಪ್ಪು ಬಾನೆಟ್ ಮುಟ್ಟಲಾಗದಷ್ಟು ಕಾಯುತ್ತದೆ, ಅಲ್ಲಿ ಕಾರ್ನೌಬಾಕ್ಕೆ ಹಾಕಿದ ದುಡ್ಡು ಬೇಗ ಆವಿಯಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೂ ಸೀಲಂಟೇ ಸರಿ. ಅಲ್ಲಿ ಆರು ತಿಂಗಳು ಕಾಯದೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಕೂಡಲೇ ಒಮ್ಮೆ ಹಚ್ಚಿ.

*ಸ್ಪ್ರೇ ವ್ಯಾಕ್ಸ್.* ತೊಳೆದ ಮೇಲೆ ಚಿಮುಕಿಸಿ ಒರೆಸುವಂಥದ್ದು. ಕೆಲವು ವಾರ ಇರುತ್ತದೆ. ಮೇಲಿನ ಎರಡರಲ್ಲಿ ಒಂದನ್ನು ಹಚ್ಚಿ, ಅದರ ಆಯಸ್ಸು ಹೆಚ್ಚಿಸಲು ಇದನ್ನು ಬಳಸಿ. ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಮೊದಲ ಸಲ ಮಾಡುವವರು ಲಿಕ್ವಿಡ್ ರೂಪದ ಸಿಂಥೆಟಿಕ್ ವ್ಯಾಕ್ಸ್ ತೆಗೆದುಕೊಳ್ಳುವುದು ಲೇಸು. ಹಚ್ಚುವುದೂ ಸುಲಭ, ಒರೆಸುವುದೂ ಸುಲಭ. ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಗಟ್ಟಿಯಾಗಿ ಕೂರುವ ರಕ್ಷಣಾ ಲೇಪ) ಮಾಡಿಸಿದ ಕಾರಿಗೆ ಪೇಸ್ಟ್ ವ್ಯಾಕ್ಸ್ ಬೇಕಿಲ್ಲ, ಕೋಟಿಂಗ್‌ಗೆ ಹೊಂದುವ ಸ್ಪ್ರೇ ಸಾಕು.

ಬೇಕಾದ ಸಾಮಾನು

- ಎರಡು ಬಕೆಟ್, ಕಾರ್ ಶಾಂಪೂ, ಮೈಕ್ರೋಫೈಬರ್ ಕೈಗವಸು
- ಒರೆಸಲು ದೊಡ್ಡ ಮೈಕ್ರೋಫೈಬರ್ ಟವೆಲ್ ಒಂದು. ವ್ಯಾಕ್ಸ್ ತೆಗೆಯಲು 300ರಿಂದ 400 ಜಿಎಸ್‌ಎಂನ ಬಟ್ಟೆ ಕನಿಷ್ಠ ನಾಲ್ಕು (ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ)
- ವ್ಯಾಕ್ಸ್ ಹಚ್ಚಲು ಫೋಮ್ ಅಪ್ಲಿಕೇಟರ್ (ಸ್ಪಂಜಿನ ಬಿಲ್ಲೆ) ಎರಡು
- ಕ್ಲೇ ಬಾರ್ (ಪೇಂಟಿಗೆ ಅಂಟಿದ ಕಣ ಎತ್ತುವ, ಜೇಡಿಮಣ್ಣಿನಂಥ ಮೆತ್ತನೆ ಮುದ್ದೆ) 50ರಿಂದ 100 ಗ್ರಾಂ, ಸ್ಪ್ರೇ ಬಾಟಲಿ
- ಪೇಂಟ್ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪ್
- ಬಿಳಿ ವಿನೆಗರ್, ಹಳೆಯ ಮೆತ್ತನೆ ಟೂತ್ ಬ್ರಷ್

ಬನಿಯನ್ ಬಟ್ಟೆ, ಹಳೇ ಪಂಚೆ, ಹಳದಿ ಫ್ಲಾನಲ್ ಬಟ್ಟೆ ಬೇಡ. ಮುಟ್ಟಲು ಮೆತ್ತಗಿದ್ದರೂ ಅವುಗಳ ನೇಯ್ಗೆ ಚಪ್ಪಟೆ. ಮಣ್ಣಿನ ಕಣ ಒಳಗೆ ಸೇರಲು ಜಾಗವಿಲ್ಲದೆ ಬಟ್ಟೆಗೂ ಪೇಂಟಿಗೂ ನಡುವೆ ಸಿಕ್ಕಿಕೊಂಡು ಗೀರುತ್ತದೆ. ಹೊಸ ಮೈಕ್ರೋಫೈಬರ್ ಬಟ್ಟೆಯ ಅಂಚಿನ ಲೇಬಲ್ ಕೂಡ ಗೀರುತ್ತದೆ, ಕತ್ತರಿಸಿ ತೆಗೆಯಿರಿ.

ಹಂತ 1: ಜಾಗ, ಹೊತ್ತು

ನೆರಳು ಕಡ್ಡಾಯ. ಬೆಳಿಗ್ಗೆ ಆರೂವರೆಗೆ ಶುರು ಮಾಡಿದರೆ ಬಿಸಿಲು ಏರುವಷ್ಟರಲ್ಲಿ ಮುಗಿಯುತ್ತದೆ. ಓಡಿಸಿ ತಂದ ಕಾರಾದರೆ ಎಂಜಿನ್ ಶಾಖಕ್ಕೆ ಬಾನೆಟ್ ಕಾದಿರುತ್ತದೆ, ಒಂದು ಗಂಟೆ ಬಿಡಿ. ಅಂಗೈಯ ಹಿಂಬದಿಯನ್ನು ಬಾನೆಟ್ ಮೇಲಿಡಿ. ಬೆಚ್ಚಗೆನಿಸಿದರೂ ಕಾಯಿರಿ. ಬಿಸಿ ಲೋಹದ ಮೇಲೆ ಶಾಂಪೂ ಒಣಗಿ ಕಲೆಯಾಗುತ್ತದೆ, ವ್ಯಾಕ್ಸ್ ಒರೆಸುವ ಮುಂಚೆಯೇ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಧೂಳು ಏಳುವ ಮಣ್ಣುರಸ್ತೆಯ ಪಕ್ಕ, ಹೂವು-ಎಲೆ ಉದುರುವ ಮರದಡಿ ಬೇಡ.

ಹ್ಯಾಚ್‌ಬ್ಯಾಕ್ ಒಂದಕ್ಕೆ ಎಲ್ಲ ಹಂತ ಸೇರಿ ಮೂರರಿಂದ ನಾಲ್ಕು ಗಂಟೆ ಹಿಡಿಯುತ್ತದೆ.

ಹಂತ 2: ಪೇಂಟ್ ಹೇಗಿದೆ ನೋಡಿಕೊಳ್ಳಿ

ಮೂರು ವಿಷಯ ಮೊದಲೇ ಗೊತ್ತಾಗಬೇಕು. ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗೀರು ಯಾವ ವ್ಯಾಕ್ಸಿಗೂ ಹೋಗುವುದಿಲ್ಲ. ರೂಫ್, ಬಾನೆಟ್ ಮೇಲೆ ಬಿಳಿ ತೇಪೆಯಾಗಿ ಸಿಪ್ಪೆ ಏಳುತ್ತಿದ್ದರೆ ಕ್ಲಿಯರ್ ಕೋಟ್ ಬಿಟ್ಟಿದೆ ಎಂದರ್ಥ. ಅಲ್ಲಿ ವ್ಯಾಕ್ಸ್ ಹಚ್ಚಿದರೆ ಸಿಪ್ಪೆಯ ಅಂಚಿಗೆ ಸೇರಿಕೊಂಡು ಇನ್ನೂ ಬೆಳ್ಳಗೆ ಕಾಣುತ್ತದೆ. ಅದಕ್ಕೆ ಮರುಪೇಂಟೇ ದಾರಿ. ಇನ್ನು ಅಪಘಾತವಾಗಿ ಒಂದು ಡೋರಿಗೋ ಬಂಪರಿಗೋ ಹೊಸದಾಗಿ ಪೇಂಟ್ ಮಾಡಿಸಿದ್ದರೆ, ಆ ಭಾಗಕ್ಕೆ ಎರಡು ತಿಂಗಳು ವ್ಯಾಕ್ಸ್ ಬೇಡ. ಗ್ಯಾರೇಜಿನ ಪೇಂಟಿನೊಳಗಿನ ದ್ರಾವಕ ಆವಿಯಾಗಿ ಹೋಗಲು ಸಮಯ ಬೇಕು, ಮೇಲೆ ಮುಚ್ಚಿಬಿಟ್ಟರೆ ಪೇಂಟ್ ಮೆತ್ತಗೇ ಉಳಿಯಬಹುದು. ಪೇಂಟ್ ಮಾಡಿದವರು ಇನ್ನೂ ಹೆಚ್ಚು ದಿನ ಹೇಳಿದ್ದರೆ ಅವರ ಮಾತು ಕೇಳಿ. ಷೋರೂಮಿನಿಂದ ಬಂದ ಹೊಸ ಕಾರಿಗೆ ಈ ತೊಂದರೆಯಿಲ್ಲ. ಕಾರ್ಖಾನೆಯಲ್ಲಿ ಹೆಚ್ಚು ಶಾಖದಲ್ಲಿ ಬೇಯಿಸಿರುತ್ತಾರೆ, ಮೊದಲ ವಾರವೇ ಹಚ್ಚಬಹುದು.

ಹೊಳಪಿಲ್ಲದ ಮ್ಯಾಟ್ ಪೇಂಟ್ ಅಥವಾ ಮೇಲೆ ಅಂಟಿಸುವ ಮ್ಯಾಟ್ ರ‍್ಯಾಪ್ ಇರುವ ಕಾರಿಗೆ ಮಾಮೂಲಿ ವ್ಯಾಕ್ಸ್ ಹಚ್ಚಲೇಬಾರದು.

ಹಂತ 3: ತೊಳೆಯುವುದು

ಸುತ್ತುಗೀರುಗಳು ಹುಟ್ಟುವುದು ಇಲ್ಲಿ. ಆದ್ದರಿಂದ ಇಲ್ಲಿ ಆತುರ ಬೇಡ.

ಮೊದಲು ಬರೀ ನೀರು, ಮೇಲಿನಿಂದ ಕೆಳಕ್ಕೆ. ಪೈಪಿನ ಧಾರೆಗೆ ಹೋಗುವಷ್ಟು ಮಣ್ಣು ಹೋಗಲಿ, ಅಲ್ಲಿಯವರೆಗೆ ಕೈ ತಾಕಿಸಬೇಡಿ. ಟೈರಿನ ಹಿಂದೆ, ಡೋರಿನ ಕೆಳಅಂಚಿನಲ್ಲಿ ಕೆಂಪು ಮಣ್ಣು ಗಟ್ಟಿಯಾಗಿದ್ದರೆ ನೆನೆಯಲು ಐದು ನಿಮಿಷ ಕೊಟ್ಟು ಮತ್ತೆ ನೀರು ಹಾಯಿಸಿ.

ಒಂದು ಬಕೆಟ್‌ನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ಅಳತೆ ಬಾಟಲಿಯ ಮೇಲೆ ಇರುತ್ತದೆ, ಹೆಚ್ಚು ಹಾಕಿದರೆ ನೊರೆ ಹೆಚ್ಚುತ್ತದೆ ಹೊರತು ಕೊಳೆ ಹೆಚ್ಚು ಹೋಗುವುದಿಲ್ಲ. ಗವಸನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಮತ್ತೆ ಶಾಂಪೂವಿಗೆ. ರೂಫ್, ಗಾಜು, ಬಾನೆಟ್, ಡಿಕ್ಕಿ, ಡೋರುಗಳ ಮೇಲರ್ಧ, ಕೊನೆಗೆ ಕೆಳಗಿನ ಭಾಗ ಮತ್ತು ಬಂಪರ್. ಕೈ ಉದ್ದಕ್ಕೆ ಆಡಲಿ, ಸುತ್ತು ಬೇಡ. ಚಕ್ರಗಳಿಗೆ ಬೇರೆಯದೇ ಬಟ್ಟೆ. ಬ್ರೇಕಿನ ಕಬ್ಬಿಣದ ಪುಡಿ ಅಂಟಿದ ಬಟ್ಟೆ ಬಾಡಿಗೆ ಬಂದರೆ ಅದು ಮರಳು ಕಾಗದವೇ ಸರಿ.

ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆಯ ಸೋಪಿನ ಪುಡಿ ಬೇಡ. ಜಿಡ್ಡು ತೆಗೆಯಲೆಂದೇ ಮಾಡಿದವು ಅವು, ಇದ್ದಬದ್ದ ವ್ಯಾಕ್ಸನ್ನೂ ಕಿತ್ತುಹಾಕುತ್ತವೆ, ರಬ್ಬರ್ ಬೀಡಿಂಗ್ ಒಣಗಿಸುತ್ತವೆ. ಸಂಡೂರು, ಬಳ್ಳಾರಿ ಸುತ್ತಲಿನ ಅದಿರು ಧೂಳಿನಲ್ಲಿ ಓಡಾಡುವ, ರೈಲು ಹಳಿಯ ಪಕ್ಕ ನಿಲ್ಲುವ ಕಾರಿನ ಪೇಂಟಿನಲ್ಲಿ ಕಬ್ಬಿಣದ ಕಣ ನೆಟ್ಟಿರುತ್ತದೆ. ಬಿಳಿ ಕಾರಿನಲ್ಲಿ ಕಿತ್ತಳೆ ಚುಕ್ಕೆಗಳಾಗಿ ಕಾಣುವುದು ಅದೇ. ಅಂಥದಕ್ಕೆ ಐರನ್ ರಿಮೂವರ್ ಹೊಡೆಯಿರಿ. ಕಬ್ಬಿಣಕ್ಕೆ ತಗುಲಿದಲ್ಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಒಣಗಲು ಬಿಡದೆ ತೊಳೆಯಿರಿ.

ಹಂತ 4: ಹಟಮಾರಿ ಕಲೆಗಳು

ಬೋರ್‌ವೆಲ್ ನೀರಿನ ಬಿಳಿ ಉಂಗುರಗಳಿಗೆ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ನೆನೆಸಿ ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟು ತೊಳೆಯಿರಿ. ಅಷ್ಟಕ್ಕೂ ಹೋಗದಿದ್ದರೆ ಸುಣ್ಣದಂಶ ಕ್ಲಿಯರ್ ಕೋಟನ್ನು ತಿಂದಿದೆ, ಅದಕ್ಕೆ ಪಾಲಿಶ್ ಬೇಕು. ಉಂಗುರ ಇರುವಾಗಲೇ ವ್ಯಾಕ್ಸ್ ಹಚ್ಚಿದರೆ ಅದನ್ನು ಒಳಗಿಟ್ಟು ಬೀಗ ಹಾಕಿದಂತೆ.

ಡಾಂಬರು ಚುಕ್ಕೆಗೆ ಟಾರ್ ರಿಮೂವರ್. ಸಿಗದಿದ್ದರೆ ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ತಾಕಿಸಿ ಮೃದುವಾಗಿ ಒರೆಸಿ, ತಕ್ಷಣ ಶಾಂಪೂವಿನಲ್ಲಿ ತೊಳೆಯಿರಿ. ಎಣ್ಣೆಯ ಪಸೆ ಉಳಿದರೆ ವ್ಯಾಕ್ಸ್ ಹಿಡಿಯುವುದಿಲ್ಲ. ಪೆಟ್ರೋಲ್, ಥಿನ್ನರ್ ಬೇಡವೇ ಬೇಡ. ಮರದ ಅಂಟಿಗೆ ಐಸೊಪ್ರೊಪೈಲ್ ಆಲ್ಕೋಹಾಲ್. ಬ್ಲೇಡು, ಉಗುರು ಹಾಕಿ ಕೆರೆಯಬೇಡಿ.

ಹಂತ 5: ಕ್ಲೇ ಬಾರ್

ಬಹಳ ಜನ ಬಿಟ್ಟುಬಿಡುವ ಹಂತ ಇದು. ವ್ಯಾಕ್ಸ್ ಎರಡೇ ವಾರದಲ್ಲಿ ಹೋಗುವುದಕ್ಕೆ ದೊಡ್ಡ ಕಾರಣವೂ ಇದೇ. ತೊಳೆದ ಒದ್ದೆ ಬಾನೆಟ್ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬೆರಳಾಡಿಸಿ. ಬರಿಗೈಗೆ ನುಣುಪೆನಿಸಿದ ಪೇಂಟ್ ಕವರಿನೊಳಗಿಂದ ರವೆ ಚೆಲ್ಲಿದಂತೆ ತರಿತರಿ ಎನ್ನುತ್ತದೆ. ತೊಳೆದರೆ ಹೋಗದ ಹೊಗೆ, ಅಂಟು, ಲೋಹದ ಕಣ ಅದು. ವ್ಯಾಕ್ಸ್ ಪೇಂಟನ್ನು ಹಿಡಿಯುವ ಬದಲು ಈ ಕಣಗಳನ್ನು ಹಿಡಿದು ಅವುಗಳ ಜೊತೆಗೇ ಉದುರುತ್ತದೆ. ತರಿ ಸಿಗಲಿಲ್ಲವೇ? ಮುಂದಿನ ಹಂತಕ್ಕೆ ಹೋಗಿ.

ಬಾರನ್ನು ಮೂರು-ನಾಲ್ಕು ತುಂಡು ಮಾಡಿ, ಒಂದನ್ನು ಅಂಗೈಯಲ್ಲಿ ನಾದಿ ಚಪ್ಪಟೆ ಮಾಡಿಕೊಳ್ಳಿ. ಬಾರಿನ ಜೊತೆ ಬಂದ ಲೂಬ್ರಿಕೆಂಟನ್ನೋ, ತೆಳುವಾಗಿ ಬೆರೆಸಿದ ಕಾರ್ ಶಾಂಪೂ ನೀರನ್ನೋ ಧಾರಾಳವಾಗಿ ಚಿಮುಕಿಸಿ. ಎರಡು ಅಡಿ ಚೌಕದಷ್ಟು ಜಾಗದಲ್ಲಿ, ಒತ್ತದೆ, ನೆಟ್ಟಗೆ ಹಿಂದೆ ಮುಂದೆ ಜಾರಿಸಿ. ಮೊದಮೊದಲು ಕರಕರ ಶಬ್ದ ಬರುತ್ತದೆ, ಕೈಗೆ ತಡೆ ಸಿಗುತ್ತದೆ. ಶಬ್ದ ನಿಂತು ಬಾರು ಸಲೀಸಾಗಿ ಜಾರಿದರೆ ಅಲ್ಲಿ ಕೆಲಸ ಮುಗಿಯಿತು. ಬಾರು ತಿರುಗಿಸಿ ನೋಡಿ, ಕಂದು ಕೊಳೆ ಹತ್ತಿದ್ದರೆ ಮಡಚಿ ನಾದಿ ಹೊಸ ಮೈ ಮಾಡಿಕೊಳ್ಳಿ.

ಬಾರು ಅಂಟುತ್ತಿದೆ, ಪೇಂಟ್ ಮೇಲೆ ಗುರುತು ಬಿಡುತ್ತಿದೆ ಎಂದರೆ ನೀರು ಸಾಲದು. ಕೈಜಾರಿ ನೆಲಕ್ಕೆ ಬಿದ್ದ ತುಂಡನ್ನು ಎಸೆದುಬಿಡಿ, ತೊಳೆದು ಬಳಸಬೇಡಿ. ಅದರೊಳಗೆ ಸೇರಿದ ಒಂದೇ ಒಂದು ಮರಳಿನ ಕಾಳು ಇಡೀ ಬಾನೆಟ್ ಗೀರುತ್ತದೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಕ್ಲೇ ಬೇಡ. ಮುಗಿದ ಮೇಲೆ ಮತ್ತೊಮ್ಮೆ ತೊಳೆಯಿರಿ.

ಹಂತ 6: ಒಣಗಿಸಿ, ಟೇಪ್ ಹಾಕಿ

ಟವೆಲ್ ಹರಡಿ, ತಟ್ಟಿ, ಎತ್ತಿ. ಕನ್ನಡಿಯ ಸಂದಿ, ನಂಬರ್ ಪ್ಲೇಟಿನ ಹಿಂಬದಿ, ಡೋರ್ ಹಿಡಿ, ಪೆಟ್ರೋಲ್ ಮುಚ್ಚಳದ ಒಳಗೆ ನೀರು ಅಡಗಿರುತ್ತದೆ. ನೀವು ವ್ಯಾಕ್ಸ್ ಹಚ್ಚುವಾಗ ಅದು ಇಳಿದು ಬಂದು ಪಟ್ಟೆ ಮಾಡುತ್ತದೆ. ಡೋರುಗಳನ್ನು ಒಮ್ಮೆ ತೆರೆದು ಮುಚ್ಚಿ, ಹತ್ತು ನಿಮಿಷ ಬಿಟ್ಟು ಮತ್ತೆ ಒರೆಸಿ.

ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್, ರಬ್ಬರ್ ಬೀಡಿಂಗ್, ವೈಪರ್ ಬುಡಕ್ಕೆ ಟೇಪ್ ಅಂಟಿಸಿ. ತರಿತರಿಯಾದ ಪ್ಲಾಸ್ಟಿಕ್ಕಿನೊಳಗೆ ವ್ಯಾಕ್ಸ್ ಸೇರಿದರೆ ಬೆಳ್ಳಗೆ ಒಣಗಿ ತಿಂಗಳುಗಟ್ಟಲೆ ಕಾಣುತ್ತದೆ. ಮುಂದಿನ ಗಾಜಿಗೂ ಹಚ್ಚಬೇಡಿ, ಮಳೆಯಲ್ಲಿ ವೈಪರ್ ಓಡಿದಾಗ ಮಂಜು ಕವಿಯುತ್ತದೆ.

ಹಂತ 7: ಹಚ್ಚುವುದು

ತೆಳು. ಅದಕ್ಕಿಂತಲೂ ತೆಳು. ಪೇಂಟಿಗೆ ಅಂಟಿದ ಪದರವಷ್ಟೇ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಒರೆಸುವ ಬಟ್ಟೆಗೆ ಹೋಗುತ್ತದೆ. ಹ್ಯಾಚ್‌ಬ್ಯಾಕ್ ಒಂದಕ್ಕೆ 15ರಿಂದ 20 ಗ್ರಾಂ ಪೇಸ್ಟ್ ಸಾಕು. 200 ಗ್ರಾಂ ಡಬ್ಬಿ ಮೂರೇ ಸಲಕ್ಕೆ ಖಾಲಿಯಾದರೆ ನೀವು ಬಳಿಯುತ್ತಿದ್ದೀರಿ, ಹಚ್ಚುತ್ತಿಲ್ಲ.

ಅಪ್ಲಿಕೇಟರನ್ನು ನೀರಿನಲ್ಲಿ ಅದ್ದಿ ಪೂರ್ತಿ ಹಿಂಡಿ, ಬರೀ ಪಸೆಯಿದ್ದರೆ ಸಾಕು. ಲಿಕ್ವಿಡ್ ಆದರೆ ಒಂದು ರೂಪಾಯಿ ನಾಣ್ಯದಷ್ಟು. ಪೇಸ್ಟ್ ಆದರೆ ಡಬ್ಬಿಯಲ್ಲಿ ಅಪ್ಲಿಕೇಟರ್ ಒತ್ತಿ ಅರ್ಧ ಸುತ್ತು ತಿರುಗಿಸಿ. ಅರ್ಧ ಬಾನೆಟ್‌ಗೆ ಅಷ್ಟು ಸಾಕು. ಮೊದಲು ಉದ್ದಕ್ಕೆ, ಮೇಲಿಂದ ಅಡ್ಡಕ್ಕೆ ಹಚ್ಚಿದರೆ ಎಲ್ಲೂ ಬಿಟ್ಟುಹೋಗುವುದಿಲ್ಲ. ಪಕ್ಕದಿಂದ ಬಗ್ಗಿ ನೋಡಿದಾಗ ತೆಳು ಮಬ್ಬು ಕಾಣಬೇಕು, ಬಿಳಿ ಕೆನೆ ಕಾಣಬಾರದು.

ಒಂದು ಭಾಗ ಹಚ್ಚಿ, ಒಣಗಿಸಿ, ಒರೆಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಮೊದಲ ಸಲದವರು ಇಡೀ ಕಾರಿಗೆ ಹಚ್ಚಿ ಆಮೇಲೆ ಒರೆಸೋಣ ಎಂದುಕೊಂಡರೆ ಬಾನೆಟ್‌ಗೆ ವಾಪಸು ಬರುವಷ್ಟರಲ್ಲಿ ವ್ಯಾಕ್ಸ್ ಕಲ್ಲಾಗಿರುತ್ತದೆ. ಗಂಟೆಗಟ್ಟಲೆ ಬಿಡಬಹುದು ಎಂದು ಡಬ್ಬಿಯ ಮೇಲೆಯೇ ಬರೆದಿರುವ ಸೀಲಂಟಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಹಂತ 8: ಒಣಗಿತೇ ನೋಡಿ, ಒರೆಸಿ

ಗಡಿಯಾರ ನೋಡಿ ಒರೆಸಬೇಡಿ, ಬೆರಳಿನಿಂದ ನೋಡಿ. ಮಬ್ಬಿನ ಮೇಲೆ ತೋರುಬೆರಳು ಒಮ್ಮೆ ಎಳೆಯಿರಿ. ಬೆರಳು ಹೋದ ದಾರಿ ಕನ್ನಡಿಯಂತೆ ಸ್ವಚ್ಛವಾದರೆ ಸಮಯವಾಯಿತು. ಕಲಸಿದಂತಾದರೆ ಇನ್ನೂ ಹಸಿ. ಬೆಂಗಳೂರಿನ ಒಣ ಬೆಳಗಿನಲ್ಲಿ ಐದರಿಂದ ಹತ್ತು ನಿಮಿಷ ಸಾಕಾದರೆ, ಮಳೆಗಾಲದ ಕರಾವಳಿಯಲ್ಲಿ ಅದರ ಎರಡರಷ್ಟು ಹಿಡಿಯಬಹುದು.

ಬಟ್ಟೆಯನ್ನು ನಾಲ್ಕಾಗಿ ಮಡಚಿದರೆ ಎಂಟು ಮೈ ಸಿಗುತ್ತದೆ. ಒಂದು ಮೈಯಲ್ಲಿ ಮಬ್ಬು ಎತ್ತಿ, ಇನ್ನೊಂದು ಸ್ವಚ್ಛ ಮೈಯಲ್ಲಿ ಮೃದುವಾಗಿ ಮತ್ತೊಮ್ಮೆ. ವ್ಯಾಕ್ಸ್ ಮೆತ್ತಿದ ಮೈಯಲ್ಲೇ ಉಜ್ಜುತ್ತಿದ್ದರೆ ತೆಗೆದದ್ದನ್ನು ಮತ್ತೆ ಬಳಿದಂತೆ. ಬಲ ಹಾಕಬೇಕಾಗಿ ಬಂದರೆ ಏನೋ ತಪ್ಪಿದೆ, ನಿಲ್ಲಿಸಿ: ವ್ಯಾಕ್ಸ್ ದಪ್ಪವಾಗಿದೆ, ಇಲ್ಲವೇ ಪೇಂಟ್ ಬಿಸಿಯಾಗಿದೆ. ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿದ್ದರೆ ಅದು ಕ್ಲಿಯರ್ ಕೋಟ್ ಇಲ್ಲದ ಹಳೇ ಬಗೆಯ ಪೇಂಟ್, ಇಲ್ಲವೇ ಆ ಜಾಗದಲ್ಲಿ ಕೋಟ್ ಸವೆದುಹೋಗಿದೆ. ಹಳೇ ಪೇಂಟಾದರೆ ಹಗುರ ಕೈಯಲ್ಲಿ ಮುಂದುವರಿಸಿ. ಕೋಟ್ ಸವೆದಿದ್ದರೆ ಅಲ್ಲಿ ಇನ್ನು ಉಜ್ಜಬೇಡಿ.

ಹಂತ 9: ಎರಡನೇ ಕೋಟ್

ಬೇಕೇಬೇಕು ಎಂದಿಲ್ಲ. ಆದರೆ ಮೊದಲ ಸಲ ಬಿಟ್ಟುಹೋದ ಜಾಗ ತುಂಬುತ್ತದೆ. ಕಾರ್ನೌಬಾ ಆದರೆ ಕೆಲವು ಗಂಟೆ, ಸೀಲಂಟ್ ಆದರೆ 12ರಿಂದ 24 ಗಂಟೆ ಬಿಟ್ಟು ಹಚ್ಚಿ. ಅಷ್ಟು ಹೊತ್ತು ಸೀಲಂಟಿಗೆ ನೀರು ತಾಕಬಾರದು, ಮಳೆ ಬರುವ ಲಕ್ಷಣವಿದ್ದರೆ ಆ ದಿನ ಶುರುವೇ ಮಾಡಬೇಡಿ. ಮೂರನೆಯ ಕೋಟಿನಿಂದ ಏನೂ ಸಿಗುವುದಿಲ್ಲ.

ಕೆಟ್ಟರೆ ಸರಿಪಡಿಸುವುದು

*ಒಣಗಿ ಅಂಟಿಕೊಂಡಿದೆ, ಬರುತ್ತಿಲ್ಲ.* ಅದೇ ವ್ಯಾಕ್ಸನ್ನು ಅದರ ಮೇಲೇ ಸ್ವಲ್ಪ ಹಚ್ಚಿ. ಹೊಸದರ ದ್ರಾವಕ ಹಳೆಯದನ್ನು ಮೆತ್ತಗೆ ಮಾಡುತ್ತದೆ. ಕೂಡಲೇ ಒರೆಸಿ.

*ಎಣ್ಣೆ ಬಳಿದಂಥ ಪಟ್ಟೆ.* ಹಸಿಯಿರುವಾಗಲೇ ಒರೆಸಿದ್ದು ಅಥವಾ ಹೆಚ್ಚಾದದ್ದು. ಒಂದೆರಡು ಗಂಟೆ ಬಿಟ್ಟು ಸ್ವಚ್ಛ ಬಟ್ಟೆಗೆ ತುಸು ನೀರು ಅಥವಾ ಸ್ಪ್ರೇ ವ್ಯಾಕ್ಸ್ ಚಿಮುಕಿಸಿ ಒರೆಸಿ.

*ಪ್ಲಾಸ್ಟಿಕ್ ಬೆಳ್ಳಗಾಗಿದೆ.* ತೆಳು ಮಾಡಿದ ಆಲ್-ಪರ್ಪಸ್ ಕ್ಲೀನರ್, ಮೆತ್ತನೆ ಟೂತ್ ಬ್ರಷ್. ಉಜ್ಜಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ.

*ನೀರು ಹನಿಗಟ್ಟುತ್ತಿಲ್ಲ.* ಹಚ್ಚಿದ ವಾರದಲ್ಲೇ ಹೀಗಾದರೆ ಪೇಂಟ್ ಮೇಲೆ ಕೊಳೆಯೋ ಎಣ್ಣೆಯೋ ಉಳಿದಿತ್ತು, ಮೂರನೇ ಹಂತದಿಂದ ಮತ್ತೆ ಶುರು ಮಾಡಬೇಕು. ತಿಂಗಳುಗಳ ಮೇಲೆ ಹೀಗಾದರೆ ಒಮ್ಮೆ ಚೆನ್ನಾಗಿ ತೊಳೆದು ನೋಡಿ. ಧೂಳು ಕವಿದರೂ ಹನಿ ಚಪ್ಪಟೆಯಾಗುತ್ತದೆ. ತೊಳೆದ ಮೇಲೂ ನೀರು ಹಾಳೆಯಂತೆ ಹರಡಿ ನಿಂತರೆ ಮರುಹಚ್ಚುವ ಕಾಲ ಬಂದಿದೆ. ರೂಫ್ ಮತ್ತು ಬಾನೆಟ್ ಮೊದಲು ಸೋಲುತ್ತವೆ, ಡೋರುಗಳು ಆಮೇಲೆ. ಅವೆರಡಕ್ಕೇ ಮಧ್ಯೆ ಒಂದು ಸಲ ಹಚ್ಚಿಕೊಂಡರೂ ನಡೆಯುತ್ತದೆ.

ಹಚ್ಚಿದ ಮೇಲೆ

ಅಪಾರ್ಟ್‌ಮೆಂಟುಗಳಲ್ಲಿ ದಿನಾ ಬೆಳಿಗ್ಗೆ ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಹತ್ತಾರು ಕಾರು ಒರೆಸುವ ಪದ್ಧತಿ ಇದೆ. ಎಂಥ ವ್ಯಾಕ್ಸೂ ಇದನ್ನು ತಡೆಯಲಾರದು. ಒರೆಸುವ ಅಣ್ಣನಿಗೆ ಹೇಳಿ: ನಮ್ಮ ಕಾರಿಗೆ ಗಾಜು ಮಾತ್ರ ಒರೆಸಿ ಸಾಕು, ವಾರಕ್ಕೊಮ್ಮೆ ಪೈಪ್ ಹಿಡಿದು ತೊಳೆಯಿರಿ, ಬಟ್ಟೆ ನಾವೇ ಕೊಡುತ್ತೇವೆ. ಧೂಳು ಕೂತ ಕಾರಿಗೆ ಕವರ್ ಹಾಕಬೇಡಿ. ಗಾಳಿಗೆ ಕವರ್ ಅಲುಗಾಡಿದಷ್ಟೂ ಧೂಳು ಉಜ್ಜುತ್ತದೆ.

ಹಕ್ಕಿ ಹಿಕ್ಕೆ ಬಿದ್ದರೆ ವ್ಯಾಕ್ಸ್ ಕೊಡುವುದು ಕೆಲವು ಗಂಟೆಗಳ ಬಿಡುವನ್ನು ಮಾತ್ರ. ಬಿಸಿಲಿನಲ್ಲಿ ಅದು ಒಣಗಿ ಮುದುರುತ್ತಾ ಕ್ಲಿಯರ್ ಕೋಟನ್ನು ಕಚ್ಚಿ ಎಳೆಯುತ್ತದೆ. ಒದ್ದೆ ಟಿಶ್ಯೂ ಐದು ನಿಮಿಷ ಮುಚ್ಚಿಟ್ಟು ಎತ್ತಿ ತೆಗೆಯಿರಿ, ಉಜ್ಜಬೇಡಿ. ಡಿಕ್ಕಿಯಲ್ಲಿ ಒಂದು ನೀರಿನ ಬಾಟಲಿ, ಟಿಶ್ಯೂ ಇಟ್ಟುಕೊಳ್ಳಿ.

ಮೈಕ್ರೋಫೈಬರ್ ಬಟ್ಟೆಗಳನ್ನು ಮನೆಬಟ್ಟೆಯ ಜೊತೆ ಒಗೆಯಬೇಡಿ, ಹತ್ತಿಯ ಎಳೆ ಹಿಡಿದುಕೊಂಡು ಮುಂದಿನ ಸಲ ಕಾರಿನ ಮೇಲೆ ಬಿಡುತ್ತವೆ. ಬೇರೆಯಾಗಿ, ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್ ಹಾಕಿ, ಫ್ಯಾಬ್ರಿಕ್ ಕಂಡಿಷನರ್ ಇಲ್ಲದೆ ಒಗೆದು ನೆರಳಿನಲ್ಲಿ ಒಣಗಿಸಿ. ವ್ಯಾಕ್ಸ್ ಡಬ್ಬಿಯನ್ನು ಕಾರಿನಲ್ಲಿ ಬಿಡದೆ ಮನೆಯೊಳಗೆ ತಂಪಾದ ಕಡೆ, ಮುಚ್ಚಳ ಬಿಗಿ ಮಾಡಿ ಇಡಿ. ಪೇಸ್ಟ್ ಕುಗ್ಗಿ ಡಬ್ಬಿಯ ಗೋಡೆ ಬಿಟ್ಟಿದ್ದರೂ ಅಪ್ಲಿಕೇಟರಿಗೆ ಹತ್ತುತ್ತಿದ್ದರೆ ಬಳಸಬಹುದು. ಲಿಕ್ವಿಡ್ ಒಡೆದು ನೀರು ಬೇರೆ, ಗಸಿ ಬೇರೆ ಆಗಿ, ಎಷ್ಟು ಕುಲುಕಿದರೂ ಕೂಡದಿದ್ದರೆ ಹೊಸದು ತನ್ನಿ.